ಚಪಾತಿ ತಿಂದರೆ ಆಗಲ್ಲ, ಸೀಲಿಯಾಕ್ ಇಲ್ಲ ಅಂತಾರೆ: ಹಾಗಾದರೆ ತೊಂದರೆ ಎಲ್ಲಿಂದ?

ನಾನು ಮಾಡಿದ ಮೊದಲ ತಪ್ಪು ಗೋಧಿ ಬಿಟ್ಟಿದ್ದು. ಎರಡನೆಯದು, ಬಿಟ್ಟು ಮೂರು ತಿಂಗಳಾದ ಮೇಲೆ ಡಾಕ್ಟರ ಹತ್ತಿರ ಹೋಗಿದ್ದು.

ರಾತ್ರಿ ಚಪಾತಿ ತಿಂದರೆ ಹತ್ತು ಗಂಟೆ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು. ಆಫೀಸಿನಲ್ಲಿ ಯಾರೋ "ಗ್ಲುಟನ್ ಇರಬೇಕು, ಬಿಟ್ಟು ನೋಡಿ" ಅಂದರು. ಬಿಟ್ಟೆ. ಹೊಟ್ಟೆ ಸ್ವಲ್ಪ ಹಗುರವೂ ಆಯಿತು. ಆಮೇಲೆ ಸೀಲಿಯಾಕ್ ಇದೆಯಾ, ಅಂದರೆ ಗೋಧಿಯ ಗ್ಲುಟನ್ ತಿಂದರೆ ದೇಹದ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿಗೆ ಹಾನಿ ಮಾಡುವ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ರಿಪೋರ್ಟ್ ನೋಡಿ, "ನೆಗೆಟಿವ್ ಬಂದಿದೆ. ಆದರೆ ನೀವು ಗೋಧಿನೇ ತಿಂತಾ ಇಲ್ವಲ್ಲ, ಇದನ್ನು ನಂಬೋ ಹಾಗಿಲ್ಲ" ಅಂದರು. ಮತ್ತೆ ಆರು ವಾರ ದಿನಾ ಚಪಾತಿ ತಿಂದು, ಮತ್ತೆ ದುಡ್ಡು ಕೊಟ್ಟು, ಮತ್ತೆ ಸೂಜಿ ಚುಚ್ಚಿಸಿಕೊಂಡೆ.

ಕೊನೆಗೆ ಸೀಲಿಯಾಕ್ ಇರಲಿಲ್ಲ. ಗ್ಲುಟನ್ ಮೇಲಿದ್ದ ಅನುಮಾನವೂ ಹೆಚ್ಚು ಕಡಿಮೆ ಹೋಯಿತು. ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಸುಮ್ನೆ ಊಹೆ ಮಾಡಿ ಗೋಧಿ ಬಿಡುವ ಬದಲು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಅಂತ ಹೇಳಬಲ್ಲೆ, ಅಷ್ಟೇ.

ಒಂದು ಮಾತು ತಲೆಯಲ್ಲಿರಲಿ. ಗೋಧಿ ಒಂದೇ ವಸ್ತು ಅಲ್ಲ. ಅದರಲ್ಲಿ ಗ್ಲುಟನ್ ಅನ್ನುವ ಪ್ರೋಟೀನ್ ಇದೆ. ಫ್ರಕ್ಟಾನ್ ಅನ್ನುವ, ನಮ್ಮ ಕರುಳಿಗೆ ಅರಗದ ಒಂದು ಬಗೆಯ ಕಾರ್ಬೋಹೈಡ್ರೇಟ್ ಇದೆ. ಎಟಿಐ ಅನ್ನುವ ಇನ್ನೊಂದು ಪ್ರೋಟೀನ್ ಗುಂಪಿದೆ. ಸಾಲದ್ದಕ್ಕೆ ಗೋಧಿ ತಟ್ಟೆಗೆ ಒಂಟಿಯಾಗಿ ಬರುವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಬೇಳೆ, ಡಾಲ್ಡಾ, ಸೋಡಾ, ಕೊನೆಗೊಂದು ಕಾಫಿ, ಎಲ್ಲ ಸೇರಿಸಿಕೊಂಡು ಬರುತ್ತದೆ.

ಇವು ಇದ್ದರೆ ಮನೆ ಪ್ರಯೋಗ ಬೇಡ

ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ 108ಕ್ಕೆ ಫೋನ್ ಮಾಡಿ. ಅದು ತೀವ್ರ ಅಲರ್ಜಿ. ಅಲರ್ಜಿ ಮಾತ್ರೆ ನುಂಗಿ ಮಲಗುವ ವಿಷಯ ಅಲ್ಲ. ಅದಕ್ಕೆ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್. "ನಿಜವಾಗಲೂ ಗೋಧಿಯೇನಾ" ಅಂತ ಇನ್ನೊಮ್ಮೆ ತಿಂದು ನೋಡುವ ಸಾಹಸವಂತೂ ಬೇಡವೇ ಬೇಡ.

ಮಲದಲ್ಲಿ ರಕ್ತ, ಕಪ್ಪಗಿನ ಮಲ, ಪ್ರಯತ್ನ ಪಡದೇ ಇಳಿಯುತ್ತಿರುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಟ್ಟು ಬಿಟ್ಟು ಬರುವ ಜ್ವರ, ನುಂಗಲು ಕಷ್ಟ, ಕಬ್ಬಿಣದ ಮಾತ್ರೆ ತಿಂದರೂ ಏರದ ಹಿಮೋಗ್ಲೋಬಿನ್: ಇವುಗಳಲ್ಲಿ ಒಂದಿದ್ದರೂ ಹೊಟ್ಟೆ ಡಾಕ್ಟರನ್ನು ನೋಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆಗೂ ಇದೇ ಮಾತು. ಮೊಣಕೈ, ಮಂಡಿಯಲ್ಲಿ ವಿಪರೀತ ತುರಿಸುವ ಸಣ್ಣ ಗುಳ್ಳೆಗಳು ಸೀಲಿಯಾಕ್‌ನ ಗುರುತಾಗಿರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಸರಿಯಾಗಿ ಬೆಳೆಯದ ಮಗುವಿಗೆ, ಬಸುರಿಗೆ ನೀವೇ ಪಥ್ಯ ಮಾಡಿಸಬೇಡಿ.

ಖರ್ಚಿಲ್ಲದ ಮೊದಲ ಕೆಲಸ: ಎರಡು ವಾರದ ಲೆಕ್ಕ

ಏನನ್ನೂ ಬಿಡಬೇಡಿ. ಎಂದಿನಂತೆ ತಿನ್ನಿ. ಬರೆದಿಡಿ. ಎಷ್ಟು ಗಂಟೆಗೆ ತಿಂದಿರಿ, ಎಷ್ಟು ತಿಂದಿರಿ, ಜೊತೆಗೆ ಏನಿತ್ತು, ಎಷ್ಟು ಹೊತ್ತಿಗೆ ಏನಾಯಿತು. ಮಾತ್ರೆ ತಗೊಂಡಿದ್ದರೆ ಅದೂ ಇರಲಿ. ನಿದ್ದೆ ಕೆಟ್ಟಿದ್ದರೆ, ಮುಟ್ಟಿನ ದಿನವಾಗಿದ್ದರೆ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಒಂದೂವರೆ ಗಂಟೆ ಕೂತು ಬಂದು ಒಂಬತ್ತೂವರೆಗೆ ಗಬಗಬ ತಿಂದಿದ್ದರೆ ಅದನ್ನೂ ಬರೆಯಿರಿ. ಇದು ತಮಾಷೆಗೆ ಹೇಳಿದ್ದಲ್ಲ. ತಡವಾಗಿ, ಅವಸರದಲ್ಲಿ ತಿಂದು ಮಲಗಿದರೆ ಅನ್ನವೂ ಉಬ್ಬರಿಸುತ್ತದೆ.

ಬರೆಯುವ ಮೊದಲು ಮನೆಯವರೆಲ್ಲ ಒಪ್ಪಿಕೊಳ್ಳಬೇಕಾದ ಸಂಗತಿ ಒಂದಿದೆ: ರವೆ ಅಂದರೂ ಗೋಧಿಯೇ. ಚಿರೋಟಿ ರವೆ, ಬನ್ಸಿ ರವೆ, ಮೈದಾ, ಅಂಗಡಿ ಶಾವಿಗೆ, ಎಲ್ಲ ಗೋಧಿಯ ಅವತಾರಗಳು. ನಾನು ಗೋಧಿ ಬಿಟ್ಟ ಮೊದಲ ದಿನ ಅಮ್ಮ ಅಕ್ಕರೆಯಿಂದ ಬಿಸಿ ಬಿಸಿ ಉಪ್ಪಿಟ್ಟು ಮಾಡಿಕೊಟ್ಟಿದ್ದರು. "ಚಪಾತಿ ಬೇಡ ಅಂದ್ಯಲ್ಲ, ಅದಕ್ಕೆ."

ಎರಡು ವಾರದ ನಂತರ ಪುಟ ತಿರುವಿದರೆ ನಿಮ್ಮ ತೊಂದರೆ ಯಾವ ಜಾತಿಯದು ಅಂತ ಸುಮಾರಾಗಿ ಗೊತ್ತಾಗುತ್ತದೆ.

ತಿಂದ ಕೆಲವು ಗಂಟೆಗೆ ಉಬ್ಬರ, ಗ್ಯಾಸ್, ಗುಡುಗುಡು

ಬಹುಪಾಲು ಜನರ ದೂರು ಇದೇ. ನನ್ನದೂ ಇದೇ ಆಗಿತ್ತು. ಇಲ್ಲಿ ಮೊದಲು ಅನುಮಾನಿಸಬೇಕಾದ್ದು ಗ್ಲುಟನ್ ಅನ್ನಲ್ಲ, ಫ್ರಕ್ಟಾನ್ ಅನ್ನು.

ಫ್ರಕ್ಟಾನ್ ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಯಾರಿಗೂ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುತ್ತವೆ, ರಾತ್ರಿ ಇಟ್ಟ ದೋಸೆ ಹಿಟ್ಟು ಉಕ್ಕಿದ ಹಾಗೆ. ಗ್ಯಾಸ್ ಹುಟ್ಟುತ್ತದೆ. ನೀರೂ ಕರುಳಿಗೆ ಸೇರಿಕೊಳ್ಳುತ್ತದೆ. ಕೆಲವರಿಗೆ ಇದು ಗೊತ್ತೇ ಆಗುವುದಿಲ್ಲ. ಕರುಳು ಸೂಕ್ಷ್ಮ ಇರುವವರಿಗೆ, ಅಂದರೆ ಐಬಿಎಸ್ ಇರುವವರಿಗೆ, ಅದೇ ಗ್ಯಾಸ್ ನೋವಾಗುತ್ತದೆ.

ಇದನ್ನು ನೇರವಾಗಿ ಪರೀಕ್ಷಿಸಿದ್ದು ನಾರ್ವೆಯ ಓಸ್ಲೋದಲ್ಲಿ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಸೀಲಿಯಾಕ್ ಇಲ್ಲದ, ಆದರೂ ಗ್ಲುಟನ್ ಆಗಲ್ಲ ಅಂತ ತಾವೇ ಬಿಟ್ಟಿದ್ದ 59 ಜನರಿಗೆ ಮೂರು ಬಗೆಯ ಮ್ಯೂಸ್ಲಿ ಬಾರ್ ಕೊಟ್ಟರು, ಒಂದೊಂದನ್ನು ಏಳು ದಿನ. ಒಂದರಲ್ಲಿ ಗ್ಲುಟನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಯಾವುದು ಯಾವುದೆಂದು ತಿನ್ನುವವರಿಗೆ ಹೇಳಲಿಲ್ಲ. ಅತಿ ಹೆಚ್ಚು ತೊಂದರೆ ಫ್ರಕ್ಟಾನ್ ವಾರದಲ್ಲಿ ಆಯಿತು ಅಂದವರು 24 ಜನ. ಎರಡೂ ಇಲ್ಲದ ವಾರದಲ್ಲಿ ಆಯಿತು ಅಂದವರು 22. ಗ್ಲುಟನ್ ವಾರ ಅಂದವರು 13 ಜನ ಮಾತ್ರ.

ಆ 22ನ್ನು ಇನ್ನೊಮ್ಮೆ ನೋಡಿ. ಏನೂ ಇಲ್ಲದ ಬಾರ್ ತಿಂದೂ ಅಷ್ಟು ಜನಕ್ಕೆ ಹೊಟ್ಟೆ ಕೆಟ್ಟಿತು. ಅವರು ಸುಳ್ಳು ಹೇಳಿದರು ಅಂತಲ್ಲ. "ಇವತ್ತು ಏನೋ ಆಗುತ್ತೆ" ಅನ್ನುವ ಭಯವೇ ಕರುಳನ್ನು ಹಿಂಡಬಲ್ಲದು. ಪರೀಕ್ಷೆ ದಿನ ಬೆಳಿಗ್ಗೆ ನಮಗೆಲ್ಲ ಆಗಿದ್ದೇ ತಾನೇ?

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ಕಥೆ ಇನ್ನೂ ಚೆನ್ನಾಗಿದೆ. 2011ರಲ್ಲಿ ಅವರು 34 ಜನರ ಮೇಲೆ ಪ್ರಯೋಗ ಮಾಡಿ, ಸೀಲಿಯಾಕ್ ಇಲ್ಲದವರಿಗೂ ಗ್ಲುಟನ್‌ನಿಂದ ತೊಂದರೆ ಆಗುತ್ತದೆ ಅಂದರು. 2013ರಲ್ಲಿ ಅದೇ ತಂಡ 37 ಜನರನ್ನು ಇಟ್ಟುಕೊಂಡು, ಮೊದಲು ಫ್ರಕ್ಟಾನ್‌ನಂಥ ಹುಳಿಯುವ ಪದಾರ್ಥಗಳನ್ನೆಲ್ಲ ಊಟದಿಂದ ತೆಗೆಯಿತು. ಎಲ್ಲರೂ ಸುಧಾರಿಸಿದರು. ಆಮೇಲೆ ಗ್ಲುಟನ್ ಕೊಟ್ಟರೆ ಗ್ಲುಟನ್‌ನಿಂದಲೇ ಆಯಿತು ಅನ್ನುವಂಥ ವ್ಯತ್ಯಾಸ ಕಾಣಲಿಲ್ಲ. ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ನಮ್ಮ ವಾಟ್ಸಾಪ್ ಗುಂಪುಗಳಿಗೆ ಮಾತ್ರ 2011 ಇನ್ನೂ ಮುಗಿದಿಲ್ಲ.

ಈಗ ಅಡುಗೆಮನೆಯ ಪರೀಕ್ಷೆ. ಒಂದು ದಿನ ಗೋಧಿ ಮುಟ್ಟದೆ, ಅನ್ನಕ್ಕೆ ಧಾರಾಳವಾಗಿ ಈರುಳ್ಳಿ ಗೊಜ್ಜು ಹಾಕಿಕೊಂಡು ತಿನ್ನಿ. ಬೆಳ್ಳುಳ್ಳಿಯೂ ಇರಲಿ. ಇವೆರಡರಲ್ಲೂ ಫ್ರಕ್ಟಾನ್ ಇದೆ, ಬೆಳ್ಳುಳ್ಳಿಯಲ್ಲಂತೂ ತೂಕಕ್ಕೆ ತೂಕ ಗೋಧಿಗಿಂತ ಎಷ್ಟೋ ಜಾಸ್ತಿ. ಇನ್ನೊಂದು ದಿನ ಎರಡು ಚಪಾತಿಯನ್ನು ಬೀನ್ಸ್ ಕ್ಯಾರೆಟ್ ಪಲ್ಯದ ಜೊತೆ ತಿನ್ನಿ, ಈರುಳ್ಳಿ ಬೆಳ್ಳುಳ್ಳಿ ಬೇಳೆ ಯಾವುದೂ ಬೇಡ. ಹಿಟ್ಟಿಗೆ ಹಾಲು, ಮೊಸರೂ ಬೇಡ. ಎರಡು ಮೂರು ಸಲ ಅದಲು ಬದಲು ಮಾಡಿ ನೋಡಿ.

ಅನ್ನ ಗೊಜ್ಜಿಗೇ ಉಬ್ಬರಿಸಿದರೆ ಫ್ರಕ್ಟಾನ್ ಮೇಲೆ ಅನುಮಾನ ಗಟ್ಟಿ. ನಿಮಗೆ ಗೋಧಿ ಬಿಡುವುದಕ್ಕಿಂತ ಒಟ್ಟು ಪ್ರಮಾಣ ಇಳಿಸುವುದು ಮುಖ್ಯ. ಗೊಜ್ಜಿಗೆ ಏನೂ ಆಗದೆ, ಬರೀ ಚಪಾತಿಗೇ ಪ್ರತಿ ಸಲ ತೊಂದರೆಯಾದರೆ ಗೋಧಿಯಲ್ಲಿರುವ ಬೇರೆಯದನ್ನು ಹುಡುಕಬೇಕು, ಮುಂದೆ ಓದಿ. ಎರಡಕ್ಕೂ ಏನೂ ಆಗದಿದ್ದರೆ? ಎರಡೂ ಸೇರಿದಾಗ ಮಾತ್ರ ಮಿತಿ ದಾಟುತ್ತಿರಬಹುದು. ನನ್ನ ಕಥೆ ಅದೇ. ನಾಲ್ಕು ಚಪಾತಿ, ಮೇಲೆ ಈರುಳ್ಳಿ ಬೆಳ್ಳುಳ್ಳಿ ರುಬ್ಬಿದ ಗ್ರೇವಿ.

ಹಿಟ್ಟಿನ ಡಬ್ಬಿಯನ್ನೂ ವಿಚಾರಿಸಿ. ಫ್ಲೋರ್ ಮಿಲ್‌ಗೆ ಕೊಡುವಾಗ "ಶಕ್ತಿಗೆ ಇರಲಿ" ಅಂತ ಗೋಧಿಗೆ ಕಡಲೆ, ಸೋಯಾ ಸೇರಿಸುವ ಮನೆಗಳು ಎಷ್ಟೋ. ಮಲ್ಟಿಗ್ರೇನ್ ಆಟಾದಲ್ಲೂ ಅವು ಇರುತ್ತವೆ. ಕಾಳುಗಳ ಗ್ಯಾಸನ್ನು ಗೋಧಿ ಲೆಕ್ಕಕ್ಕೆ ಬರೆಯಬೇಡಿ. ಡಿಸೆಂಬರ್, ಜನವರಿಯಲ್ಲಂತೂ ಈ ಪರೀಕ್ಷೆ ಶುರು ಮಾಡಲೇಬೇಡಿ. ಬೆಂಗಳೂರಿನಲ್ಲಿ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿನ ಜೊತೆ ಚಪಾತಿ ತಿಂದು ಚಪಾತಿಯನ್ನು ಬೈಯುವುದು ಅನ್ಯಾಯ.

ಮನೆ ಚಪಾತಿ ಆಗುತ್ತೆ, ಹೋಟೆಲ್ ತಿಂಡಿ, ಬೇಕರಿ ಆಗಲ್ಲ

ಹಾಗಾದರೆ ಬಹುಮಟ್ಟಿಗೆ ಗೋಧಿ ಪಾರು. ದರ್ಶಿನಿಯ ಚೌಚೌ ಬಾತ್ ತಟ್ಟೆಯನ್ನೇ ಬಿಡಿಸಿ ನೋಡಿ. ಖಾರಾಬಾತಿನಲ್ಲಿ ಈರುಳ್ಳಿ, ಕೈ ಬಿಚ್ಚಿ ಹಾಕಿದ ಎಣ್ಣೆ. ಕೇಸರಿಬಾತಿನಲ್ಲಿ ಸಕ್ಕರೆ, ತುಪ್ಪ ಇಲ್ಲವೇ ಡಾಲ್ಡಾ. ಮೇಲೊಂದು ಸ್ಟ್ರಾಂಗ್ ಕಾಫಿ, ಅಂದರೆ ಹಾಲು. ದಕ್ಷಿಣ ಭಾರತದಲ್ಲಿ ದೊಡ್ಡವರಾದ ಮೇಲೆ ಹಾಲಿನ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಸರಿಯಾಗಿ ಅರಗದವರೇ ಜಾಸ್ತಿ. ಒಂದು ವಾರ ಹಾಲು, ಕಾಫಿ, ಟೀ ನಿಲ್ಲಿಸಿ ಗೋಧಿ ಮುಂದುವರಿಸಿ. ಹೊಟ್ಟೆ ಶಾಂತವಾದರೆ ಉತ್ತರ ಸಿಕ್ಕ ಹಾಗೆ. ಗಟ್ಟಿ ಮಾಡಿಕೊಳ್ಳಬೇಕೆಂದರೆ ಹೈಡ್ರೋಜನ್ ಉಸಿರು ಪರೀಕ್ಷೆ ಇದೆ. ಮೊಸರು ಸಾಮಾನ್ಯವಾಗಿ ಹಾಲಿಗಿಂತ ಸಲೀಸು.

ಬೇಕರಿ ಪಫ್ಸ್, ದಿಲ್‌ಪಸಂದ್‌ನಲ್ಲಿ ಜಿಡ್ಡು ಹೆಚ್ಚು. ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಭಾರ ಅನಿಸುತ್ತದೆ. ಬ್ರೆಡ್ಡಿನದು ಇನ್ನೊಂದು ಕಥೆ. ಹಿಟ್ಟು ನಾಲ್ಕು ಗಂಟೆ, ಅದಕ್ಕಿಂತ ಹೆಚ್ಚು ಹುದುಗಿದರೆ ಯೀಸ್ಟ್ ತಾನೇ ಫ್ರಕ್ಟಾನಿನ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಒಂದು ಗಂಟೆಯಲ್ಲಿ ಉಬ್ಬಿಸಿ ಬೇಯಿಸಿದ ಬ್ರೆಡ್ಡಿನಲ್ಲಿ ಅದು ಹಾಗೇ ಉಳಿಯುತ್ತದೆ. ಸೋರ್‌ಡೋ ಬ್ರೆಡ್ (ಹಿಟ್ಟನ್ನು ಗಂಟೆಗಟ್ಟಲೆ ಹುಳಿ ಬರಿಸಿ ಮಾಡುವುದು) ಆಗುತ್ತೆ, ಮಾಮೂಲಿ ಬ್ರೆಡ್ ಆಗಲ್ಲ ಅನ್ನುವವರ ಮಾತಿನಲ್ಲಿ ಬರೀ ಷೋಕಿ ಇಲ್ಲ. ಆದರೆ ಸೋರ್‌ಡೋದಲ್ಲಿ ಗ್ಲುಟನ್ ಇದ್ದೇ ಇರುತ್ತದೆ, ಸೀಲಿಯಾಕ್ ಇರುವವರಿಗೆ ಅದು ಸಲ್ಲದು.

ಹೊಸ ಮಾತ್ರೆ ಶುರುವಾದ ತಿಂಗಳೇ ಗೋಧಿಯೂ ಶುರುವಾಗಿದ್ದರೆ

ನಮ್ಮ ಸೋದರಮಾವನಿಗೆ ಶುಗರ್ ಬಂತು. ಡಾಕ್ಟರು ಮೆಟ್‌ಫಾರ್ಮಿನ್ ಬರೆದುಕೊಟ್ಟು, "ರಾತ್ರಿ ಅನ್ನ ಕಡಿಮೆ ಮಾಡಿ, ಚಪಾತಿ ತಿನ್ನಿ" ಅಂದರು. ಎರಡೂ ಒಂದೇ ವಾರ ಶುರು. ಹದಿನೈದು ದಿನಕ್ಕೆ ಹೊಟ್ಟೆ ಗುಡುಗುಡು, ಬೆಳಿಗ್ಗೆ ಮೂರು ನಾಲ್ಕು ಸಲ ಶೌಚ. ಮಾವ ಚಪಾತಿಗೆ ಶಾಪ ಹಾಕಿ ಅನ್ನಕ್ಕೆ ವಾಪಸ್ ಬಂದರು. ಹೊಟ್ಟೆ ಸರಿ ಹೋಗಲಿಲ್ಲ. ಶುಗರ್ ಮಾತ್ರ ಏರಿತು.

ಮೆಟ್‌ಫಾರ್ಮಿನ್‌ಗೆ ಭೇದಿ, ಉಬ್ಬರ ತುಂಬಾ ಸಾಮಾನ್ಯ. ಊಟದ ಜೊತೆ ತಗೊಂಡರೆ, ನಿಧಾನವಾಗಿ ಕರಗುವ ಬಗೆಗೆ ಬದಲಾಯಿಸಿದರೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ. ಮಾವನಿಗೂ ಹಾಗೇ ಆಯಿತು. ಶುಗರ್‌ಗೇ ಕೊಡುವ ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳ ಕೆಲಸವೇ ಪಿಷ್ಟ ಬೇಗ ಅರಗದಂತೆ ತಡೆಯುವುದು. ಅರಗದ್ದು ಕೆಳಗಿಳಿದು ಗ್ಯಾಸ್ ಆಗುವುದರಲ್ಲಿ ಆಶ್ಚರ್ಯವಿಲ್ಲ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಅನ್ನದಿಂದ ಚಪಾತಿಗೆ ಏಕಾಏಕಿ ಬದಲಾದಾಗ ನಾರಿನಂಶವೂ ಒಮ್ಮೆಲೇ ಏರುತ್ತದೆ. ಎರಡು ಮೂರು ವಾರ ಕರುಳಿಗೆ ಸಮಯ ಕೊಡಿ.

ತಿಂದ ಎರಡು ಗಂಟೆಯೊಳಗೆ ದದ್ದು, ತುರಿಕೆ, ಸೀನು, ಉಬ್ಬಸ

ಇದು ಅಲರ್ಜಿಯ ಹೊತ್ತು. ಗೋಧಿ ಅಲರ್ಜಿಯಲ್ಲಿ ತೊಂದರೆ ಸಾಮಾನ್ಯವಾಗಿ ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣುತ್ತದೆ. ಮನೆ ಪ್ರಯೋಗ ಬಿಟ್ಟು ಅಲರ್ಜಿ ಡಾಕ್ಟರ ಹತ್ತಿರ ಹೋಗಿ. ಚರ್ಮದ ಚುಚ್ಚು ಪರೀಕ್ಷೆ, ಗೋಧಿಯ ಐಜಿಇ (ಅಲರ್ಜಿಯ ಪ್ರತಿಕಾಯ) ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಇದರಲ್ಲೇ ಕಣ್ತಪ್ಪಿಸುವ ಎರಡು ಬಗೆಗಳಿವೆ.

ಮೊದಲನೆಯದು, ಗೋಧಿ ತಿಂದು ಸುಮ್ಮನೆ ಕೂತರೆ ಏನೂ ಆಗದು. ತಿಂದ ಕೆಲವು ಗಂಟೆಯೊಳಗೆ ಓಡಿದರೆ, ಜಿಮ್ ಮಾಡಿದರೆ ಮೈಯೆಲ್ಲ ದದ್ದು, ಕೆಲವೊಮ್ಮೆ ಪ್ರಜ್ಞೆಯೇ ತಪ್ಪುವಷ್ಟು ತೀವ್ರ. ಲಾಲ್‌ಬಾಗ್‌ನಲ್ಲಿ ಓಡಿ ಬಂದು ತಿಂಡಿ ತಿನ್ನುವವರಿಗೆ ಗೊತ್ತೇ ಆಗಲ್ಲ, ತಿಂಡಿ ತಿಂದು ಓಡುವವರಿಗೆ ಬರುತ್ತದೆ. ಆಸ್ಪಿರಿನ್‌ನಂಥ ನೋವಿನ ಮಾತ್ರೆ, ಮದ್ಯ ಸೇರಿದರೂ ಕೆರಳಬಹುದು. ಇದಕ್ಕೆ ಕಾರಣ ಬಹುತೇಕ ಒಮೆಗಾ-5 ಗ್ಲಯಾಡಿನ್ ಅನ್ನುವ ಗೋಧಿ ಪ್ರೋಟೀನ್. ಅದಕ್ಕೆಂದೇ ಬೇರೆ ರಕ್ತ ಪರೀಕ್ಷೆ ಇದೆ. ಓಡಿದ ವಿಷಯವನ್ನು ನೀವೇ ಹೇಳಬೇಕು, ಇಲ್ಲದಿದ್ದರೆ ಡಾಕ್ಟರಿಗೆ ಹೊಳೆಯದಿರಬಹುದು.

ಎರಡನೆಯದರಲ್ಲಿ ಗೋಧಿಯದು ತಪ್ಪೇ ಅಲ್ಲ, ಹಿಟ್ಟಿನೊಳಗಿನ ನುಸಿಯದು. ಕಣ್ಣಿಗೆ ಕಾಣದ ಧೂಳು ನುಸಿಗಳು ಹಳೆಯ ಮೈದಾ, ಹಿಟ್ಟು, ರವೆಯಲ್ಲಿ ಮನೆ ಮಾಡುತ್ತವೆ. ಮಳೆಗಾಲದ ತೇವಕ್ಕೆ ಇನ್ನೂ ಜಾಸ್ತಿ. ಬೇಯಿಸಿದರೂ ಅಲರ್ಜಿ ಎಬ್ಬಿಸುವ ಅಂಶ ಹೋಗುವುದಿಲ್ಲ. ಧೂಳಿಗೆ ಸೀನುವವರು, ಉಬ್ಬಸ ಇರುವವರು ಹುಷಾರಾಗಿರಬೇಕು. ಹೊಸ ಪ್ಯಾಕೆಟ್ಟಿನ ಹಿಟ್ಟಿಗೆ ಏನೂ ಆಗದೆ, ಡಬ್ಬಿಯ ತಳದ ಹಳೆ ಹಿಟ್ಟಿಗೆ ಆಗಿದ್ದರೆ ಆ ಡಬ್ಬಿ ಖಾಲಿ ಮಾಡಿ, ಮತ್ತೆ ರುಚಿ ನೋಡಬೇಡಿ, ಡಾಕ್ಟರಿಗೆ ಹೇಳಿ. ಇನ್ನು ಮುಂದೆ ಕಡಿಮೆ ತನ್ನಿ, ಫ್ರಿಜ್‌ನಲ್ಲಿಡಿ.

ತಿನ್ನುವಾಗ ಏನಿಲ್ಲ, ಮಿಲ್ಲಿನಲ್ಲಿ, ಬೇಕರಿಯಲ್ಲಿ ಕೆಲಸ ಮಾಡುವಾಗ ಸೀನು, ಉಬ್ಬಸ ಅಂದರೆ ಅದು ಹಿಟ್ಟಿನ ಧೂಳು ಉಸಿರಿಗೆ ಹೋಗಿ ಬರುವ ಅಸ್ತಮಾ. ಶ್ವಾಸಕೋಶದ ಡಾಕ್ಟರಿಗೆ ತೋರಿಸಿ.

ಹೊಟ್ಟೆಗಿಂತ ತಲೆ ಭಾರ, ಸುಸ್ತು, ಕೈಕಾಲು ನೋವು

ಗೋಧಿ ತಿಂದ ಕೆಲವು ಗಂಟೆಗೋ, ಮರುದಿನವೋ ತಲೆಗೆ ಮಂಜು ಕವಿದ ಹಾಗೆ, ಕೀಲು ನೋವು, ಜೋಮು, ಸುಸ್ತು. ಫ್ರಕ್ಟಾನಿನ ಗ್ಯಾಸ್ ಒಂದೇ ಇದನ್ನೆಲ್ಲ ವಿವರಿಸುವುದಿಲ್ಲ. ಅಗ್ಗದ ಪರೀಕ್ಷೆಗಳಿಂದ ಶುರು ಮಾಡಿ: ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಶುಗರ್. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಸುಸ್ತು, ಜೋಮು ಎರಡೂ ಅದರಿಂದಲೇ ಬರಬಹುದು.

ಇವೆಲ್ಲ ಸರಿಯಿದ್ದು, ಸೀಲಿಯಾಕ್ ಮತ್ತು ಅಲರ್ಜಿ ಎರಡೂ ಇಲ್ಲ ಅಂತಾದರೆ, ಆಗ ಸೀಲಿಯಾಕ್ ಅಲ್ಲದ ಗೋಧಿ ಅಸಹನೆ ಅನ್ನುವ ಹೆಸರು ಬರುತ್ತದೆ. ಇದಕ್ಕೆ ನೇರ ಪರೀಕ್ಷೆ ಇಲ್ಲ. ಆದರೆ ಬರೀ ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಇಂಥ 80 ಜನರ ರಕ್ತ ನೋಡಿದಾಗ, ಕರುಳಿನ ಒಳಪದರಕ್ಕೆ ಪೆಟ್ಟು ಬಿದ್ದ ಗುರುತು, ಬ್ಯಾಕ್ಟೀರಿಯಾಗಳ ಅಂಶ ರಕ್ತಕ್ಕೆ ದಾಟಿ ದೇಹ ಕೆರಳಿದ ಗುರುತು ಸಿಕ್ಕವು. ಎಟಿಐಗಳ ಮೇಲೂ ಅನುಮಾನವಿದೆ. ಇವು ಕಾಳನ್ನು ಹುಳುಗಳಿಂದ ಕಾಪಾಡಿಕೊಳ್ಳಲು ಗಿಡ ಮಾಡಿಕೊಂಡ ಪ್ರೋಟೀನ್‌ಗಳು, ಸುಲಭವಾಗಿ ಅರಗುವುದಿಲ್ಲ. ದೇಹದ ರೋಗನಿರೋಧಕ ಕಣಗಳನ್ನು ಇವು ಕೆರಳಿಸುತ್ತವೆ ಅಂತ 2012ರಲ್ಲಿ ಜರ್ಮನಿಯ ಸಂಶೋಧಕ ಡೆಟ್ಲೆಫ್ ಶುಪ್ಪಾನ್ ಅವರ ತಂಡ ತೋರಿಸಿತು.

ಇನ್ನೊಂದು ಸಾಧ್ಯತೆ, ಕರುಳಿನೊಳಗೆ ಮಾತ್ರ ನಡೆಯುವ ಅಲರ್ಜಿ. 2019ರ ಜರ್ಮನಿಯ ಅಧ್ಯಯನದಲ್ಲಿ ಐಬಿಎಸ್ ಇದ್ದ 108 ಜನರ ಕರುಳಿಗೆ ಎಂಡೋಸ್ಕೋಪ್ ಮೂಲಕವೇ ಆಹಾರ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. 76 ಜನರಲ್ಲಿ ಒಳಪದರ ಕೆಲವೇ ನಿಮಿಷದಲ್ಲಿ ಬಿರುಕು ಬಿಟ್ಟಿತು, ಅತಿ ಹೆಚ್ಚು ಸಲ ಗೋಧಿಗೆ. ಅವರ ಮಾಮೂಲಿ ಅಲರ್ಜಿ ಪರೀಕ್ಷೆಯಲ್ಲಿ ಏನೂ ಕಂಡಿರಲಿಲ್ಲ.

ದುಡ್ಡು ಖರ್ಚಾಗುವ ಪರೀಕ್ಷೆಗಳು: ಯಾವುದು ಬೇಕು, ಯಾವುದು ಬೇಡ

ಗೋಧಿ ಬಿಡುವ ಮೊದಲು ಬೇಕಾದ್ದು ಎರಡು ರಕ್ತ ಪರೀಕ್ಷೆ: ಸೀಲಿಯಾಕ್‌ನ ಪ್ರತಿಕಾಯ ಹುಡುಕುವ ಟಿಟಿಜಿ-ಐಜಿಎ, ಮತ್ತು ಐಜಿಎ ಅನ್ನುವ ಪ್ರತಿಕಾಯ ಒಟ್ಟು ಎಷ್ಟಿದೆ ಅಂತ ನೋಡುವ ಒಟ್ಟು ಐಜಿಎ. ಎರಡನ್ನೂ ಒಟ್ಟಿಗೆ ಕೇಳಿ. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಕಡಿಮೆ ಇರುತ್ತದೆ, ಅಂಥವರಲ್ಲಿ ಟಿಟಿಜಿ ಸುಳ್ಳೇ ನೆಗೆಟಿವ್ ಬರುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದಿರಬೇಕು. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಅಲ್ಲಿಯವರೆಗೂ ಗೋಧಿ ಬಿಡಬೇಡಿ.

ಆಗಲೇ ಬಿಟ್ಟು ವರ್ಷವಾಗಿದೆ, ಮತ್ತೆ ತಿನ್ನಲು ಸಾಧ್ಯವೇ ಇಲ್ಲ ಅನ್ನುವವರಿಗೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಜೀನ್ ಪರೀಕ್ಷೆ ಇದೆ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುತೇಕ ಇಲ್ಲ. ಇದ್ದರೆ ಏನೂ ಸಾಬೀತಾಗುವುದಿಲ್ಲ, ನಮ್ಮಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಇದೆ.

"ನಮ್ಮ ಕಡೆಯವರಿಗೆ ಸೀಲಿಯಾಕ್ ಬರಲ್ಲ" ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ದೇಶದ ಮೂರು ಭಾಗಗಳಲ್ಲಿ 23,000ಕ್ಕೂ ಹೆಚ್ಚು ಜನರ ರಕ್ತ ನೋಡಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಬರೀ ಶೇ 0.10 ಜನರಲ್ಲಿ ಕಂಡವು. ಜೀನ್‌ಗಳು ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಇವತ್ತಿನ ಬೆಂಗಳೂರಿನ ತಟ್ಟೆ 25 ಗ್ರಾಂನಲ್ಲಿ ನಿಂತಿದೆಯಾ? ಬೆಳಿಗ್ಗೆ ಬ್ರೆಡ್, ಸಂಜೆ ಪಫ್ಸ್, ರಾತ್ರಿ ಚಪಾತಿ. ಅಪರೂಪ ಅಂತ ಪರೀಕ್ಷೆ ತಪ್ಪಿಸಬೇಡಿ.

ಬೇಡವಾದ್ದು: ನೂರಾರು ಆಹಾರಗಳಿಗೆ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯದ ಪಟ್ಟಿ ಕೊಡುವ ಪ್ಯಾಕೇಜುಗಳು. ಸಾವಿರಾರು ರೂಪಾಯಿ ಕೀಳುತ್ತಾರೆ. ಐಜಿಜಿ ಇದ್ದರೆ ಆ ಆಹಾರ ನೀವು ತಿಂದಿದ್ದೀರಿ ಅಂತ ಗೊತ್ತಾಗುತ್ತದೆ, ಅದು ನಿಮಗೂ ಗೊತ್ತಿತ್ತು. ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಅಂತಲೇ ಹೇಳುತ್ತವೆ.

ಕೊನೆಯ ಪರೀಕ್ಷೆ: ತೆಗೆದು, ಮತ್ತೆ ಹಾಕಿ ನೋಡುವುದು

ಸೀಲಿಯಾಕ್ ಇಲ್ಲ, ಅಲರ್ಜಿ ಇಲ್ಲ ಅಂತ ಗಟ್ಟಿಯಾದ ಮೇಲೆ ಮಾತ್ರ ಇದು. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಇದ್ದವರು ಡಾಕ್ಟರಿಗೆ ಹೇಳಿ ಮಾಡಿ.

ನಾಲ್ಕರಿಂದ ಆರು ವಾರ ಗೋಧಿ ಪೂರ್ತಿ ತೆಗೆಯಿರಿ. ಅಕ್ಕಿ, ರಾಗಿ, ಜೋಳ ಇರುವ ಊರಿನಲ್ಲಿ ಇದು ದೊಡ್ಡ ಕಷ್ಟವಲ್ಲ. ಕದ್ದು ಬರುವ ಗೋಧಿಯನ್ನು ಹಿಡಿಯುವುದೇ ಕಷ್ಟ. ಅಂಗಡಿಯ ಇಂಗಿಗೆ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ, ಸಾರು, ಒಗ್ಗರಣೆ, ಉಪ್ಪಿನಕಾಯಿ ಎಲ್ಲಕ್ಕೂ ಅದೇ ಇಂಗು. ಗೋಬಿ ಮಂಚೂರಿಗೆ ಮೈದಾ, ಸೋಯಾ ಸಾಸಿನಲ್ಲೂ ಗೋಧಿ. ಮದ್ದೂರು ವಡೆಗೆ ಮೈದಾ, ರವೆ. ಮಿಲ್ಲಿನಲ್ಲಿ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ರಾಗಿ ಹಾಕಿದರೆ ಅದರಲ್ಲೂ ಗೋಧಿ. ಅಕ್ಕಿ ಬೀಸಿದ ಮೇಲೆ ಹಾಕಿ ಅಂತ ಕೇಳಿಕೊಳ್ಳಿ. ಪ್ಯಾಕೆಟ್ ಮೇಲೆ ಗ್ಲುಟನ್ ರಹಿತ ಅಂತ ಬರೆಯಬೇಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ಖಪ್ಲಿ, ಜವೆ ಗೋಧಿ ಹಳೆಯ ತಳಿ ನಿಜ, ಆದರೆ ಅವೂ ಗೋಧಿಯೇ, ಅವುಗಳಲ್ಲೂ ಗ್ಲುಟನ್ ಇದೆ.

ಆರು ವಾರ ಬಿಟ್ಟರೂ ಏನೂ ಬದಲಾಗದಿದ್ದರೆ ಗೋಧಿಗೆ ಕ್ಷಮೆ ಕೇಳಿ ವಾಪಸ್ ಕರೆದುಕೊಳ್ಳಿ. ಐಬಿಎಸ್, ಅಮೀಬಾ, ಜಿಯಾರ್ಡಿಯಾದಂಥ ಕರುಳಿನ ಪರಾವಲಂಬಿಗಳು, ಹೀಗೆ ಬೇರೆ ಕಾರಣಗಳ ಕಡೆ ಡಾಕ್ಟರ ಜೊತೆ ಹೋಗಿ.

ಸುಧಾರಿಸಿದರೆ ಮತ್ತೆ ಹಾಕಿ ನೋಡಬೇಕು, ಆದರೆ ನಿಮಗೆ ಗೊತ್ತಾಗದ ಹಾಗೆ. ಓಸ್ಲೋದ ಆ 22 ಜನ ನೆನಪಿರಲಿ. ನಮ್ಮ ಮನೆಯಲ್ಲಿ ಅತ್ತಿಗೆ ಒಂದು ಉಪಾಯ ಮಾಡಿದರು. ರಾಗಿ ದೋಸೆ. ಒಂದು ವಾರ ರಾಗಿಗೆ ಅಕ್ಕಿ ಹಿಟ್ಟು, ಇನ್ನೊಂದು ವಾರ ರಾಗಿಗೆ ಮೈದಾ, ನಡುವೆ ಒಂದು ವಾರ ಬಿಡುವು. ಉಪ್ಪು, ಜೀರಿಗೆ, ಹಸಿಮೆಣಸು ಬಿಟ್ಟು ಬೇರೇನಿಲ್ಲ. ರಾಗಿಯ ಬಣ್ಣ, ರುಚಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ದಿನಕ್ಕೆ ಸುಮಾರು 100 ಗ್ರಾಂ ಮೈದಾ, ಅಂದರೆ ಮೂರು ಚಪಾತಿಯ ಲೆಕ್ಕ. ಅಷ್ಟರಲ್ಲಿ 8ರಿಂದ 10 ಗ್ರಾಂ ಗ್ಲುಟನ್ ಸಿಗುತ್ತದೆ. ಯಾವ ವಾರ ಯಾವುದು ಅಂತ ಅವರು ಚೀಟಿ ಬರೆದು ದೇವರ ಮನೆಯಲ್ಲಿಟ್ಟಿದ್ದರು. ನಾನು ದಿನಾ ಹೊಟ್ಟೆಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದೆ. ಆಸ್ಪತ್ರೆಯ ಕಟ್ಟುನಿಟ್ಟಿನ ಪರೀಕ್ಷೆಯಲ್ಲೂ ಎರಡು ವಾರಗಳ ನಡುವೆ ಶೇ 30 ವ್ಯತ್ಯಾಸ ಇದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ.

ಚೀಟಿ ಬಿಚ್ಚಿದಾಗ ನನ್ನ ಅಂಕ ಅಕ್ಕಿ ವಾರಕ್ಕೆ ಮೂರು, ಮೈದಾ ವಾರಕ್ಕೂ ಮೂರು. ಅತ್ತಿಗೆ ನಕ್ಕರು. ಮುಂದಿನ ವಾರ ಅದೇ ದೋಸೆಗೆ ಈರುಳ್ಳಿ ಬೆಳ್ಳುಳ್ಳಿ ಚಟ್ನಿ ಕೊಟ್ಟರು. ಎರಡೇ ದಿನಕ್ಕೆ ಏಳು.

ಆಮೇಲಿಂದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು, ಎಸಳನ್ನು ತೆಗೆದುಹಾಕಿ ಒಗ್ಗರಣೆ ಮಾಡುತ್ತೇವೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗಲ್ಲ, ಹಾಗಾಗಿ ಘಮ ಮಾತ್ರ ಉಳಿಯುತ್ತದೆ. ಈರುಳ್ಳಿ ಬದಲು ಈರುಳ್ಳಿ ಹೂವಿನ ಹಸಿರು ಭಾಗ. ಎರಡು ಚಪಾತಿ, ಬೀನ್ಸ್ ಪಲ್ಯ ಆದರೆ ಒಂಬತ್ತಕ್ಕೆ ತಿಂದು ಹತ್ತಕ್ಕೆ ಮಲಗುತ್ತೇನೆ. ಮದುವೆ ಮನೆಯಲ್ಲಿ ಆಸೆಗೆ ಬಿದ್ದು ನಾಲ್ಕು ರೋಟಿ, ಗ್ರೇವಿ ಹಾಕಿಸಿಕೊಂಡ ರಾತ್ರಿ ಇವತ್ತಿಗೂ ತಮಟೆಯೇ.